ಮಾರ್ಕೆಟಿಂಗ್ ಓದಿದವರ ಮೊದಲ ಕೆಲಸ

ಡಿಗ್ರಿಯ ಕೊನೆಯ ಸೆಮಿಸ್ಟರ್ ಮುಗಿಸಿದ ಮಕ್ಕಳು ಮಳೆಗಾಲದಲ್ಲಿ ಕೇಳಿಕೊಂಡು ಬರುವ ಮಾತೊಂದಿದೆ. "ಸರ್, ಮಾರ್ಕೆಟಿಂಗ್‌ನಲ್ಲಿ ಏನಾದರೂ ಕೆಲಸ ಇದ್ದರೆ ಹೇಳಿ. ಸೇಲ್ಸ್ ಮಾತ್ರ ಬೇಡ." ವಾಣಿಜ್ಯ ಪಾಠ ಮಾಡಿದ ನನ್ನಂಥವರಿಗೆ ಇದು ಹಳೆಯ ಪರಿಚಯದ ಮಾತು. ಕಡಿಯಾಳಿಯಲ್ಲಿ ವಾಸವಾಗಿರುವವನಿಗಂತೂ ಇದು ಕಿವಿಗೆ ಬೀಳದೆ ಇರುವುದಿಲ್ಲ. ಒಂದು ಕಡೆ ಉಡುಪಿ ಪೇಟೆ. ಇನ್ನೊಂದು ಕಡೆ ಕುಂಜಿಬೆಟ್ಟಿನ ಎಂ.ಜಿ.ಎಂ. ಕಾಲೇಜು, ಉಪೇಂದ್ರ ಪೈ ಸ್ಮಾರಕ ಕಾಲೇಜು. ಮೇಲೆ ಹತ್ತಿದರೆ ಮಣಿಪಾಲ. ಓದುವವರು, ಓದಿ ಮುಗಿಸಿದವರು, ಸಂದರ್ಶನಕ್ಕೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟವರು, ಎಲ್ಲರೂ ಹೋಗುವುದು ಈ ಒಂದೇ ರಸ್ತೆಯಲ್ಲಿ. ಇಂದಿನ ನನ್ನ ಮಾತು ಅವರಿಗಾಗಿ. ಅವರಿಗೆಷ್ಟೋ ಅಷ್ಟೇ ಅವರ ತಂದೆತಾಯಿಗಾಗಿ ಕೂಡ.

ಸುತ್ತು ಬಳಸದೆ ಹೇಳುತ್ತೇನೆ. ಸೇಲ್ಸ್ ಬೇಡ, ಮಾರ್ಕೆಟಿಂಗ್ ಬೇಕು ಎಂದು ಹೊರಟವರಿಗೆ ಮೊದಲ ವರ್ಷದಲ್ಲಿ ತೆರೆಯುವ ಬಾಗಿಲುಗಳು ತೀರಾ ಕಡಿಮೆ. ಕಾಲೇಜಿನ ಪುಸ್ತಕದಲ್ಲಿ ಓದಿದ ಬ್ರಾಂಡ್ ಮ್ಯಾನೇಜರ್ ಎಂಬ ಹುದ್ದೆ ಕಂಪನಿಯ ಪ್ರಧಾನ ಕಚೇರಿಯಲ್ಲಿರುತ್ತದೆ, ಅದೂ ಬೆರಳೆಣಿಕೆಯಷ್ಟು. ಅದಕ್ಕೆ ಬರುವವರು ದೊಡ್ಡ ಸಂಸ್ಥೆಗಳಲ್ಲಿ ಎಂ.ಬಿ.ಎ. ಮಾಡಿದವರು. ಅವರನ್ನೂ ಕಂಪನಿ ನೇರವಾಗಿ ಕುರ್ಚಿಯಲ್ಲಿ ಕೂರಿಸುವುದಿಲ್ಲ. ಹಿಂದೂಸ್ತಾನ್ ಯೂನಿಲಿವರ್‌ನಂಥ ಕಂಪನಿ ತನ್ನ ಮ್ಯಾನೇಜ್‌ಮೆಂಟ್ ಟ್ರೇನಿಗಳನ್ನು ಹಳ್ಳಿಗಳಲ್ಲಿ ವಾರಗಟ್ಟಲೆ ಇರಿಸುವ ಪದ್ಧತಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಸೋಪು ಕೊಳ್ಳುವವಳು ಯಾವಾಗ ಕೊಳ್ಳುತ್ತಾಳೆ, ಒಂದು ತುಂಡನ್ನು ಎಷ್ಟು ದಿನ ಬಳಸುತ್ತಾಳೆ, ಅಂಗಡಿಯವನು ಯಾವ ಸೋಪನ್ನು ಕೈಗೆ ಸಿಗುವ ಹಾಗೆ ಇಡುತ್ತಾನೆ, ಇದು ಗೊತ್ತಿಲ್ಲದವರು ಜಾಹೀರಾತಿನ ಬಗ್ಗೆ ತೀರ್ಮಾನ ಮಾಡಬಾರದು ಎಂಬುದು ಆ ಪದ್ಧತಿಯ ಹಿಂದಿನ ವಿಚಾರ. ನಮ್ಮ ಬಿ.ಬಿ.ಎ., ಬಿ.ಕಾಂ. ಮಕ್ಕಳಿಗೆ ಆ ಹಳ್ಳಿ, ಆ ಅಂಗಡಿ ಎರಡೂ ಮನೆಯ ಪಕ್ಕದಲ್ಲೇ ಇವೆ. ಅವರು ಅದನ್ನು ಬೇಡ ಎನ್ನುತ್ತಿದ್ದಾರೆ. ನನಗೆ ಬೇಸರವಾಗುವುದು ಇಲ್ಲಿ.

ಬೇಡ ಎನ್ನುವುದಕ್ಕೆ ಕಾರಣ ಮಕ್ಕಳಲ್ಲಿಲ್ಲ, ಮನೆಯಲ್ಲಿದೆ. "ಡಿಗ್ರಿ ಮಾಡಿ ಬ್ಯಾಗ್ ಹಿಡಿದುಕೊಂಡು ಅಂಗಡಿ ಅಂಗಡಿ ಸುತ್ತುವುದಾ?" ಎಂದು ಕೇಳುವ ಅಪ್ಪ, ಮದುವೆಯ ಮಾತು ಬಂದಾಗ "ಹುಡುಗ ಬ್ಯಾಂಕಿನಲ್ಲಿದ್ದಾನೆ" ಎಂದು ಹೇಳಿಕೊಳ್ಳುವ ಆಸೆಯ ಅಮ್ಮ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಅವರು ಹೆಮ್ಮೆಪಡುವ ಆ ಬ್ಯಾಂಕೇ ಮನೆಮನೆಯ ಬಾಗಿಲು ತಟ್ಟಿ ಬೆಳೆದದ್ದು ಎಂಬುದನ್ನು ನೆನಪಿಸಬೇಕಾಗಿದೆ.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಕಟ್ಟಿದರು. ಕೈಮಗ್ಗದ ನೇಕಾರರು ಸೋತು ಕೂತಿದ್ದ ಕಾಲ ಅದು. ಅವರಿಗೆ ನೆರವಾಗುವುದು ಮೊದಲ ಉದ್ದೇಶ. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಮೂರು ವರ್ಷ ಕಳೆದು 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಏಜೆಂಟರು ದಿನವೂ ಮನೆಗೆ, ಅಂಗಡಿಗೆ ಬರುತ್ತಾರೆ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬರೆದುಕೊಂಡು ಹೋಗುತ್ತಾರೆ.

ಈ ಎರಡಾಣೆಯ ಬಗ್ಗೆ ಸ್ವಲ್ಪ ನಿಂತು ಯೋಚಿಸಿ. ರೂಪಾಯಿಗೆ ಹದಿನಾರಾಣೆಯ ಕಾಲ. ತಿಂಗಳಿಡೀ ತಪ್ಪದೆ ಕೊಟ್ಟರೆ ಮೂರು ರೂಪಾಯಿ ಹನ್ನೆರಡಾಣೆ. ಇದೇ ಮೊತ್ತವನ್ನು ತಿಂಗಳ ಕೊನೆಗೆ ಒಟ್ಟಾಗಿ ಬ್ಯಾಂಕಿಗೆ ತಂದು ಕಟ್ಟಿ ಎಂದಿದ್ದರೆ ಮೀನು ಮಾರುವವರು, ಗೂಡಂಗಡಿಯವರು, ಕೂಲಿಯವರು ಯಾರೂ ಬರುತ್ತಿರಲಿಲ್ಲ. ಅವರಿಗೆ ತಿಂಗಳ ಸಂಬಳವಿಲ್ಲ, ದಿನದ ದುಡಿಮೆ. ಸಂಜೆ ಕೈಯಲ್ಲಿದ್ದದ್ದು ಮರುದಿನ ಇರುವುದಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತಲು ಸಂಕೋಚ. ಹತ್ತಿದರೆ ಆ ಹೊತ್ತಿನ ವ್ಯಾಪಾರ ಹೋಯಿತು. ಇದೆಲ್ಲ ತಿಳಿದವರು ಮಾತ್ರ ಇಂಥದೊಂದು ಯೋಜನೆಯನ್ನು ಹೊಸೆಯಬಲ್ಲರು. ಸರಕು ಯಾವುದು, ಬೆಲೆ ಎಷ್ಟು, ಎಲ್ಲಿ ಕೊಡಬೇಕು, ಹೇಗೆ ತಿಳಿಸಬೇಕು, ಈ ನಾಲ್ಕನ್ನು ನಮ್ಮ ಮಕ್ಕಳು ಎರಡನೆಯ ವರ್ಷದಲ್ಲಿ 'ನಾಲ್ಕು ಪಿ'ಗಳು ಎಂದು ಬಾಯಿಪಾಠ ಮಾಡುತ್ತಾರೆ. ಅಮೆರಿಕದ ಜೆರೋಮ್ ಮೆಕಾರ್ಥಿ ಅದನ್ನು ಪಠ್ಯಪುಸ್ತಕದಲ್ಲಿ ಬರೆದದ್ದು 1960ರಲ್ಲಿ. ಅದಕ್ಕೆ ಮೂವತ್ತೆರಡು ವರ್ಷ ಮೊದಲೇ ಉಡುಪಿಯ ಬೀದಿಯಲ್ಲಿ ಪಿಗ್ಮಿ ಏಜೆಂಟರು ಆ ನಾಲ್ಕನ್ನೂ ಚೀಲದಲ್ಲಿಟ್ಟುಕೊಂಡು ನಡೆಯುತ್ತಿದ್ದರು. ಯಾರ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ, ಯಾರಿಗೆ ಈ ವಾರ ಕಷ್ಟ, ಯಾರ ಮಗಳ ಮದುವೆ ಮುಂದಿನ ವರ್ಷ, ಎಲ್ಲವೂ ಅವರಿಗೆ ಗೊತ್ತಿತ್ತು. ಇವತ್ತು ಕಂಪನಿಗಳು ಕೋಟ್ಯಂತರ ಖರ್ಚು ಮಾಡಿ ಕಂಪ್ಯೂಟರಿನಿಂದ ತಿಳಿಯಲು ಹೆಣಗುವುದು ಇದನ್ನೇ.

ಹಾಗಾದರೆ ಬ್ಯಾಂಕಿಗೇ ಸೇರಬಹುದಲ್ಲ ಎಂದು ಕೇಳುತ್ತೀರಿ. ಕೇಳಬೇಕಾದ್ದೇ. ಆದರೆ ತಂದೆತಾಯಿ ನೆನಪಿಟ್ಟುಕೊಂಡಿರುವ ಬ್ಯಾಂಕು ಈಗಿಲ್ಲ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಆರಂಭಿಸಿದ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಪಾಲಾಗಿತ್ತು. ಕರಾವಳಿಯ ಮೂರು ಹೆಸರು ಹನ್ನೆರಡು ತಿಂಗಳ ಒಳಗೆ ಫಲಕದಿಂದ ಇಳಿದವು. ಒಂದು ಕಾಲದಲ್ಲಿ ಈ ಬ್ಯಾಂಕುಗಳು ನಮ್ಮ ಹುಡುಗರನ್ನು ಕರೆದು ಕೆಲಸ ಕೊಟ್ಟವು. ಮನೆಗೊಬ್ಬರು ಬ್ಯಾಂಕಿನವರು ಇರುತ್ತಿದ್ದರು. ಈಗ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಆ ಪರೀಕ್ಷೆಗೆ ಓದುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯುವ ಅವಕಾಶ 2019ರಲ್ಲಿ ಬಂತು, ಸಾರ್ವಜನಿಕ ವಲಯದ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಗೂ ಆಮೇಲೆ ಅದು ಬಂದಿದೆ. ಅದು ನಮ್ಮ ಹಳ್ಳಿಯ ಮಕ್ಕಳಿಗೆ ನಿಜವಾದ ಉಪಕಾರ. ಆದರೆ ಒಂದು ವಿಷಯದಲ್ಲಿ ಎಷ್ಟೋ ಮಕ್ಕಳು ತಪ್ಪು ತಿಳಿದಿದ್ದಾರೆ. ಬ್ಯಾಂಕುಗಳಲ್ಲಿ 'ಮಾರ್ಕೆಟಿಂಗ್ ಆಫೀಸರ್' ಎಂಬ ಹುದ್ದೆ ಇದೆ ನಿಜ, ಅದಕ್ಕೆ ಬಿ.ಬಿ.ಎ. ಸಾಲದು. ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಬಿ.ಎ. ಅಥವಾ ಅದಕ್ಕೆ ಸಮನಾದ ಡಿಪ್ಲೊಮಾ ಬೇಕು, ಅದರಲ್ಲಿ ಮಾರ್ಕೆಟಿಂಗ್ ವಿಶೇಷ ವಿಷಯವಾಗಿರಬೇಕು. ಅರ್ಜಿ ಹಾಕುವ ಮುಂಚೆ ಅಧಿಸೂಚನೆಯನ್ನು ಪೂರ್ತಿ ಓದಿ. ಪರೀಕ್ಷೆಗೆ ಓದುತ್ತೇನೆ ಎಂದು ಎರಡು ಮೂರು ವರ್ಷ ಮನೆಯಲ್ಲೇ ಕೂತವರನ್ನು ನಾನು ನೋಡಿದ್ದೇನೆ. ಆಮೇಲೆ ಸಂದರ್ಶನದಲ್ಲಿ ಆ ಖಾಲಿ ವರ್ಷಗಳ ಬಗ್ಗೆಯೇ ಮೊದಲ ಪ್ರಶ್ನೆ ಬರುತ್ತದೆ. ಕೆಲಸ ಮಾಡುತ್ತಾ ಓದಿ. ಕಷ್ಟ, ಆದರೆ ಆಗದ್ದಲ್ಲ.

ಇನ್ನು ಕೆಲಸ ಎಲ್ಲಿದೆ ಎನ್ನುವುದಕ್ಕೆ ಬರುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಮಾರ್ಕೆಟಿಂಗ್ ಕೆಲಸ ಆ ಹೆಸರಿನಲ್ಲಿ ಕಡಿಮೆ ಸಿಗುತ್ತದೆ. ಔಷಧ ಕಂಪನಿಯ ಪ್ರತಿನಿಧಿ, ಕಾರು ಮತ್ತು ದ್ವಿಚಕ್ರ ವಾಹನದ ಷೋರೂಮು, ಎಲೆಕ್ಟ್ರಾನಿಕ್ಸ್ ಮಳಿಗೆ, ಖಾಸಗಿ ಬ್ಯಾಂಕಿನ ಸಾಲ ಮತ್ತು ಖಾತೆ ವಿಭಾಗ, ವಿಮೆ, ಪತ್ರಿಕೆಯ ಜಾಹೀರಾತು ವಿಭಾಗ, ತಿಂಡಿ ತಿನಿಸು ಸಾಬೂನುಗಳ ಡಿಸ್ಟ್ರಿಬ್ಯೂಟರ್, ಗೇರುಬೀಜದ ಕಾರ್ಖಾನೆ, ಮಲ್ಪೆಯ ಮೀನಿನ ವಹಿವಾಟು, ಹೋಂಸ್ಟೇ. ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು 1953ರಿಂದ ಇದೆ; ಅದರ ಸುತ್ತ ಬೆಳೆದ ಆಸ್ಪತ್ರೆ, ಔಷಧ, ಉಪಕರಣಗಳ ವ್ಯಾಪಾರ ದೊಡ್ಡದು, ಔಷಧ ಪ್ರತಿನಿಧಿಗಳ ಓಡಾಟವೂ ದೊಡ್ಡದು. ಉಡುಪಿಯಲ್ಲೇ 1996ರಲ್ಲಿ ಆರಂಭವಾದ ರೋಬೋಸಾಫ್ಟ್ ಸಂಸ್ಥೆಯನ್ನು 2021ರಲ್ಲಿ ಜಪಾನಿನ ಕಂಪನಿಯೊಂದು ಕೊಂಡುಕೊಂಡಿತು. ಸಾಫ್ಟ್‌ವೇರ್ ಎಂದರೆ ಬೆಂಗಳೂರೇ ಆಗಬೇಕಿಲ್ಲ ಎಂದು ತೋರಿಸಿದ ಸಂಸ್ಥೆ ಅದು. ಡಿಜಿಟಲ್ ಮಾರ್ಕೆಟಿಂಗ್ ಎಂಬ ಹೆಸರಿನಲ್ಲಿ ಬರುವ ಸಣ್ಣ ಸಣ್ಣ ಕೆಲಸಗಳಂತೂ ಹೋಟೆಲು, ಬಟ್ಟೆಯಂಗಡಿ, ದಂತ ಚಿಕಿತ್ಸಾಲಯ, ಎಲ್ಲೆಡೆ ಇವೆ.

ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ: ಮೊದಲ ಎರಡು ವರ್ಷ ಯಾರ ಕೈಕೆಳಗೆ ಕೆಲಸ ಮಾಡುತ್ತೀರಿ ಎಂಬುದನ್ನು ನೋಡಿ. ಬೆಳಿಗ್ಗೆ ಟಾರ್ಗೆಟ್ ಹೇಳಿ ಸಂಜೆ ಬೈಯುವ ಮೇಲಧಿಕಾರಿಯ ಹತ್ತಿರ ಐದು ವರ್ಷ ಇದ್ದರೂ ಏನೂ ಕಲಿಯಲಾಗದು. ಡಿಸ್ಟ್ರಿಬ್ಯೂಟರ್ ಒಬ್ಬರು ನಿಮ್ಮನ್ನು ಲೈನ್‌ಸೇಲ್ ವ್ಯಾನಿನಲ್ಲಿ ಕೂರಿಸಿಕೊಂಡು ಕಾಪು, ಕಟಪಾಡಿ, ಶಿರ್ವ, ಬೆಳ್ಮಣ್, ಕಾರ್ಕಳ ಸುತ್ತಿಸಿ, ಯಾವ ಅಂಗಡಿಗೆ ಎಷ್ಟು ಉದ್ದರಿ ಕೊಡಬಹುದು, ಏಕೆ ಕೊಡಬಾರದು ಎಂದು ಹೇಳಿಕೊಟ್ಟರೆ ಅದು ಒಂದು ಸೆಮಿಸ್ಟರಿಗಿಂತ ದೊಡ್ಡ ಪಾಠ. ಅಂಥ ಹಿರಿಯ ವ್ಯಾಪಾರಿಗಳು ನಮ್ಮ ತಾಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರ ಕಂಪನಿಗೆ ಹೊಳೆಯುವ ಹೆಸರಿಲ್ಲ, ಅಷ್ಟೆ.

ಒಬ್ಬ ವಿದ್ಯಾರ್ಥಿ ತನ್ನ ಪ್ರಾಜೆಕ್ಟ್ ವರದಿಗೆ ಬೆಂಗಳೂರಿನ ಯಾವುದೋ ಮಾಲ್‌ನ ಗ್ರಾಹಕರ ತೃಪ್ತಿ ಎಂಬ ವಿಷಯ ತೆಗೆದುಕೊಂಡರೆ ನನಗೆ ಸಂಕಟವಾಗುತ್ತದೆ. ಪಕ್ಕದಲ್ಲೇ ಶಂಕರಪುರ ಇದೆ. ಅಲ್ಲಿನ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ; ಅಟ್ಟೆಗೆ ದರ ದಿನಾ ನಿಗದಿಯಾಗುತ್ತದೆ. ಮದುವೆ, ನಾಗಾರಾಧನೆ, ಕೋಲ, ಹಬ್ಬಗಳ ಸಾಲು ಬಂದಾಗ ಎರಡು ಸಾವಿರ ದಾಟುವ ಅಟ್ಟೆ ಬೇರೆ ದಿನಗಳಲ್ಲಿ ನೂರರ ಲೆಕ್ಕಕ್ಕೆ ಇಳಿಯುತ್ತದೆ. ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆಯ ಒಳಗೆ ಕೊಳ್ಳುವವರ ಕೈ ಸೇರಬೇಕು, ಮುಂಬಯಿಗೂ ಹೋಗುತ್ತದೆ. ದಾಸ್ತಾನು ಮಾಡಲಾಗದ ಸರಕು, ದಿನಾ ಬದಲಾಗುವ ಬೇಡಿಕೆ, ಸಾವಿರಾರು ಸಣ್ಣ ಬೆಳೆಗಾರರು, ಅವರಲ್ಲಿ ಬಹುಪಾಲು ಮನೆಯಂಗಳದಲ್ಲೇ ಗಿಡ ಬೆಳೆಸುವ ಹೆಂಗಸರು. ಇದಕ್ಕಿಂತ ಸೊಗಸಾದ ಪ್ರಾಜೆಕ್ಟ್ ಬೇರೆಲ್ಲಿ ಸಿಕ್ಕೀತು? ಮಟ್ಟುವಿನ ಗುಳ್ಳ ಬದನೆಗೂ ಭೌಗೋಳಿಕ ಸೂಚಕ ಸಿಕ್ಕಿದೆ. ಹೆಸರು ಸಿಕ್ಕಿದ ಮೇಲೆ ಬೆಳೆಗಾರನ ಕೈಗೆ ಹೆಚ್ಚು ದುಡ್ಡು ಬಂತೇ, ಬೇರೆ ಊರಿನ ಗುಳ್ಳವನ್ನು ಮಟ್ಟುಗುಳ್ಳ ಎಂದು ಮಾರುವುದನ್ನು ತಡೆಯಲಾಯಿತೇ ಎಂದು ಯಾರಾದರೂ ಸಂತೆಯಲ್ಲಿ ನಿಂತು ಲೆಕ್ಕ ಹಾಕಬೇಕು.

ಉಡುಪಿ ಸೀರೆಯದು ಇನ್ನೂ ಹತ್ತಿರದ ಪಾಠ. 1925ರಲ್ಲಿ ಬ್ಯಾಂಕು ಕಟ್ಟಿದವರು ಕಣ್ಣಮುಂದೆ ಇಟ್ಟುಕೊಂಡಿದ್ದ ಅದೇ ಕೈಮಗ್ಗ, ಈಚಿನ ವರ್ಷಗಳಲ್ಲಿ ನೇಯುವವರೇ ಇಲ್ಲದೆ ನಿಂತುಹೋಗುವ ಹಂತಕ್ಕೆ ಬಂದಿತ್ತು. ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಕಾರ್ಕಳದ ಕದಿಕೆ ಟ್ರಸ್ಟ್, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದೊಂದಿಗೆ ಸೇರಿ ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸಕ್ಕೆ ಇಳಿಯಿತು. ಹೊಸಬರಿಗೆ ನೇಯ್ಗೆ ಕಲಿಸಿದರು, ಗಿಡಮೂಲದ ಬಣ್ಣ ತಂದರು, ಸೀರೆಯ ಜೊತೆ ಅದನ್ನು ನೇಯ್ದವರ ಹೆಸರು, ಭಾವಚಿತ್ರ ಕೊಟ್ಟರು. ಕೊಳ್ಳುವವಳಿಗೆ ನೇಯ್ದವಳ ಮುಖ ಕಾಣಿಸಿದಾಗ ಬೆಲೆಯ ಬಗ್ಗೆ ಚೌಕಾಸಿ ಕಡಿಮೆಯಾಗುತ್ತದೆ. ಮಾರ್ಕೆಟಿಂಗ್ ವಿದ್ಯೆ ಒಳ್ಳೆಯ ಕೈಗೆ ಸಿಕ್ಕಿದರೆ ಏನು ಮಾಡಬಲ್ಲದು ಎಂಬುದಕ್ಕೆ ನಾನು ತರಗತಿಯಲ್ಲಿ ಬಹುರಾಷ್ಟ್ರೀಯ ಕಂಪನಿಯ ಉದಾಹರಣೆ ಹುಡುಕುವುದಿಲ್ಲ. ಇದೇ ಸಾಕು.

ಇಂಥ ಒಂದು ವಿಷಯವನ್ನು ಆರು ವಾರ ಹಿಂಬಾಲಿಸಿ, ನಾಲ್ಕು ಪುಟ ನಿಮ್ಮ ಸ್ವಂತ ಮಾತಿನಲ್ಲಿ ಬರೆದಿಟ್ಟುಕೊಂಡರೆ ಸಂದರ್ಶನದಲ್ಲಿ ಮಾತನಾಡಲು ಏನೋ ಇರುತ್ತದೆ. ಬಯೋಡೇಟಾದಲ್ಲಿ "ಕಠಿಣ ಪರಿಶ್ರಮಿ, ತಂಡದಲ್ಲಿ ಕೆಲಸ ಮಾಡಬಲ್ಲೆ" ಎಂಬ ಸಾಲುಗಳನ್ನು ಎಲ್ಲರೂ ಬರೆಯುತ್ತಾರೆ, ಯಾರೂ ಓದುವುದಿಲ್ಲ. "ಕಡಿಯಾಳಿಯ ಒಂದು ಬೇಕರಿಗೆ ಮೂರು ತಿಂಗಳು ಆನ್‌ಲೈನ್ ಆರ್ಡರ್ ನೋಡಿಕೊಂಡೆ, ಯಾವ ದಿನ ಯಾವ ತಿಂಡಿ ಉಳಿಯುತ್ತದೆ ಎಂದು ಪಟ್ಟಿ ಮಾಡಿ ಕೊಟ್ಟೆ" ಎಂದು ಬರೆದವರನ್ನು ಕರೆದು ಕೂರಿಸಿ ಕೇಳುತ್ತಾರೆ. ಇದರ ಜೊತೆ ಎಕ್ಸೆಲ್ ಚೆನ್ನಾಗಿ ಬರಬೇಕು. ದ್ವಿಚಕ್ರ ವಾಹನದ ಲೈಸನ್ಸ್ ಇರಬೇಕು, ಹುಡುಗಿಯರಿಗೂ. ಇಂಗ್ಲಿಷ್ ಇಮೇಲ್ ಒಂದನ್ನು ತಪ್ಪಿಲ್ಲದೆ ಬರೆಯಲು ಬರಬೇಕು. ಇದನ್ನೆಲ್ಲ ಕಲಿಯಲು ಸಾವಿರಗಟ್ಟಲೆ ಶುಲ್ಕ ಕೊಡಬೇಕಾಗಿಲ್ಲ. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ ಉಚಿತ ಪಾಠಗಳಿವೆ.

ನಮ್ಮ ಮಕ್ಕಳಲ್ಲಿ ಇರುವ, ಅವರು ಲೆಕ್ಕಕ್ಕೇ ಹಿಡಿಯದ ಆಸ್ತಿ ಭಾಷೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್, ಟಿವಿಯಿಂದ ಹಿಂದಿ, ನೆರೆಹೊರೆಯಿಂದ ಒಂದಿಷ್ಟು ಮಲಯಾಳ. ನಾಲ್ಕೈದು ಭಾಷೆಯಲ್ಲಿ ಬೆಲೆ ಹೇಳಿ, ನಕ್ಕು, ಒಪ್ಪಿಸಿ ಬರಬಲ್ಲ ಇಪ್ಪತ್ತೊಂದು ವರ್ಷದವರು ದೇಶದ ಎಷ್ಟು ಕಡೆ ಸಿಗುತ್ತಾರೆ? ಬಯೋಡೇಟಾದ ಕೊನೆಯ ಸಾಲಿನಲ್ಲಿ ಅಡಗಿಸಿಡುವ ಈ ವಿವರವನ್ನು ಮೇಲಕ್ಕೆ ತನ್ನಿ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಫೀಲ್ಡ್ ಕೆಲಸ ಹುಡುಗಿಯರಿಗೆ ಆಗದು ಎಂದು ಹೇಳುವ ಹಿರಿಯರು ಮಲ್ಪೆಯ ಮೀನುಗಾರ ಮಹಿಳೆಯರನ್ನು ದಿನಾ ನೋಡುತ್ತಾರೆ. ಬುಟ್ಟಿ ಹೊತ್ತು ಮನೆಮನೆಗೆ ಹೋಗಿ, ಯಾವ ಮನೆಗೆ ಬಂಗುಡೆ, ಯಾವ ಮನೆಗೆ ಅಂಜಲ್ ಎಂದು ನೆನಪಿಟ್ಟುಕೊಂಡು, ಉದ್ದರಿ ಲೆಕ್ಕ ತಲೆಯಲ್ಲೇ ಇಟ್ಟುಕೊಂಡು ಸಂಸಾರ ನಡೆಸಿದವರು ಅವರು. ಹುಡುಗಿಯರಿಗೆ ಅಡ್ಡಿಯಾಗುವುದು ಕೆಲಸದ ಸ್ವಭಾವವಲ್ಲ. ಸಂಜೆ ಏಳರ ನಂತರ ಬಸ್ಸಿಲ್ಲದ ಒಳಊರುಗಳು, ಅಂಗಡಿ ಸಾಲಿನಲ್ಲಿ ಶೌಚಾಲಯವಿಲ್ಲದಿರುವುದು, ತಡರಾತ್ರಿ ವಾಟ್ಸ್‌ಆಪ್‌ನಲ್ಲಿ ವರದಿ ಕೇಳುವ ಮೇಲಧಿಕಾರಿ. ಇವನ್ನು ಸರಿಮಾಡುವ ಹೊಣೆ ಕೆಲಸ ಕೊಡುವವರದು. ಸಂದರ್ಶನದಲ್ಲಿ ಮಾರ್ಗ ಯಾವುದು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಹುಡುಗಿಯರು ಧೈರ್ಯವಾಗಿ ಕೇಳಬೇಕು. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಕಂಪನಿಗೆ ಸೇರದಿದ್ದರೆ ನಷ್ಟವಿಲ್ಲ.

ಸಂಬಳದ ವಿಷಯ ಬಂದಾಗ ನಮ್ಮ ಮಕ್ಕಳು ತುಂಬ ಮೋಸಹೋಗುತ್ತಾರೆ. ವರ್ಷಕ್ಕೆ ಮೂರು ಲಕ್ಷದ ಪ್ಯಾಕೇಜ್ ಎಂದರೆ ತಿಂಗಳಿಗೆ ಇಪ್ಪತ್ತೈದು ಸಾವಿರ ಕೈಗೆ ಬರುತ್ತದೆ ಎಂದು ಮನೆಯವರೆಲ್ಲ ಲೆಕ್ಕ ಹಾಕಿರುತ್ತಾರೆ. ಉದಾಹರಣೆಗೆ ಹೀಗೆ ಬಿಡಿಸಿ ನೋಡಿ. ಮೂರು ಲಕ್ಷದಲ್ಲಿ ಅರವತ್ತು ಸಾವಿರ ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ಭಾಗ ಎಂದಿಟ್ಟುಕೊಳ್ಳಿ. ಉಳಿದದ್ದು 2,40,000. ಅದರಲ್ಲಿ ಅರ್ಧ ಮೂಲವೇತನವಾದರೆ ಕಂಪನಿ ಕಟ್ಟುವ ಭವಿಷ್ಯನಿಧಿ ಶೇಕಡಾ 12ರಂತೆ 14,400. ಗ್ರಾಚ್ಯುಟಿ ಎಂದು ಐದಾರು ಸಾವಿರ ತೆಗೆದಿಡುತ್ತಾರೆ. ತಿಂಗಳ ಸಂಬಳ 21,000ದ ಒಳಗಿದ್ದರೆ ಇ.ಎಸ್.ಐ.ಗೆ ಕಂಪನಿಯ ಪಾಲು ಬೇರೆ. ಇವೆಲ್ಲ ಆ ಮೂರು ಲಕ್ಷದ ಒಳಗೇ ಸೇರಿರುತ್ತವೆ. ಮೇಲೆ ನಿಮ್ಮ ಪಾಲಿನ ಭವಿಷ್ಯನಿಧಿ ತಿಂಗಳಿಗೆ 1,200 ಕಡಿತ. ಕೊನೆಗೆ ಕೈಗೆ ಬರುವುದು ಹದಿನಾರು, ಹದಿನೇಳು ಸಾವಿರ. ಬೆಂಗಳೂರಿನಲ್ಲಿ ಪೇಯಿಂಗ್ ಗೆಸ್ಟ್ ಕೋಣೆ, ಬಸ್ಸು, ಊಟ ಕಳೆದರೆ ಊರಿನಿಂದ ಅಪ್ಪನೇ ದುಡ್ಡು ಕಳಿಸಬೇಕಾಗುತ್ತದೆ. ಉಡುಪಿಯಲ್ಲೇ ಹದಿನಾಲ್ಕು ಸಾವಿರಕ್ಕೆ ಮನೆಯಿಂದ ಹೋಗಿಬಂದು ಕೆಲಸ ಕಲಿಯುವುದು ಆ ಲೆಕ್ಕದಲ್ಲಿ ಸೋಲಲ್ಲ. ಬೆಂಗಳೂರಿಗೆ ಹೋಗಬೇಡಿ ಎನ್ನುವುದಿಲ್ಲ. ಎರಡು ವರ್ಷದ ಅನುಭವ ಹಿಡಿದುಕೊಂಡು ಹೋದವರಿಗೆ ಅಲ್ಲಿ ಸಿಗುವ ಮಾತೇ ಬೇರೆ.

ಆದ್ದರಿಂದ ಸೇರುವ ಮುನ್ನ ಕೇಳಿ: ನಿಗದಿಯಾದ ಸಂಬಳ ಎಷ್ಟು, ಟಾರ್ಗೆಟ್ ಎಷ್ಟು, ಕಳೆದ ವರ್ಷ ಆ ಟಾರ್ಗೆಟನ್ನು ಎಷ್ಟು ಜನ ಮುಟ್ಟಿದರು, ಪೆಟ್ರೋಲ್ ಖರ್ಚು ಯಾರದು. ಉತ್ತರ ಕಾಗದದಲ್ಲಿ ಬರಲಿ. ಔಷಧ ಪ್ರತಿನಿಧಿಗಳಿಗೆಂದು 1976ರಲ್ಲೇ ಬಂದ ಕಾಯ್ದೆ ನೇಮಕಪತ್ರವನ್ನು ಬರಹದಲ್ಲೇ ಕೊಡಬೇಕು ಎಂದು ಹೇಳಿತ್ತು. ಈಗಿನ ಕಾರ್ಮಿಕ ಸಂಹಿತೆಗಳು ಅದನ್ನು ಎಲ್ಲ ಕೆಲಸಗಾರರಿಗೂ ಅನ್ವಯಿಸುತ್ತವೆ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಬಿಟ್ಟು ಬರಬೇಡಿ. ತೋರಿಸಿ, ಪ್ರತಿ ಕೊಡಿ, ಮೂಲವನ್ನು ಚೀಲಕ್ಕೆ ಹಾಕಿಕೊಳ್ಳಿ. ಕೆಲಸ ಕೊಡಲು ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ದುಡ್ಡು ಕೇಳಿದ ಕೂಡಲೇ ಎದ್ದು ಬನ್ನಿ. 'ಬಿಸಿನೆಸ್ ಡೆವಲಪ್‌ಮೆಂಟ್' ಎಂದು ಕರೆದು, ಹೋಟೆಲಿನ ಹಾಲ್‌ನಲ್ಲಿ ಕೂರಿಸಿ, ನೀವು ನಾಲ್ಕು ಜನರನ್ನು ಸೇರಿಸಿ, ಅವರು ನಾಲ್ಕು ಜನರನ್ನು ಸೇರಿಸಲಿ ಎನ್ನುವವರು ಕೆಲಸ ಕೊಡುವವರಲ್ಲ. ನೇರ ಮಾರಾಟದ ಬಗ್ಗೆ 2021ರಲ್ಲಿ ಬಂದ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಆನ್‌ಲೈನಿನಲ್ಲಿ ದುಡ್ಡು ಕಳೆದುಕೊಂಡರೆ ನಾಚಿಕೆಪಟ್ಟು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ.

ಸರ್ಕಾರದ ಕಡೆಯಿಂದ ಸಿಗುವುದನ್ನೂ ಬಿಡಬೇಡಿ. ಮಣಿಪಾಲದ ಜಿಲ್ಲಾ ಕಚೇರಿಗಳ ಸಂಕೀರ್ಣ ರಜತಾದ್ರಿಯಲ್ಲಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಇದೆ. ಅಲ್ಲಿ ಹೆಸರು ನೋಂದಾಯಿಸಿ, ಉದ್ಯೋಗ ಮೇಳಗಳ ಸುದ್ದಿ ಕೇಳಿಕೊಂಡು ಬನ್ನಿ. ಮೂಡುಬಿದಿರೆಯಲ್ಲಿ ನಡೆಯುವ ಆಳ್ವಾಸ್ ಪ್ರಗತಿ ಮೇಳಕ್ಕೆ ಕಾರ್ಕಳದವರಿಗೆ ದೂರವಿಲ್ಲ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ರಾಜ್ಯದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅದನ್ನು ಬಸ್ಸಿಗೆ, ಪುಸ್ತಕಕ್ಕೆ ಬಳಸಿ. ಸ್ವಂತ ಉದ್ಯೋಗದ ಮನಸ್ಸಿದ್ದರೆ ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ ವಸತಿಯೊಂದಿಗೆ ಉಚಿತ ತರಬೇತಿ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಈ ಮಾದರಿಯನ್ನು ಕೇಂದ್ರ ಸರ್ಕಾರ ದೇಶಕ್ಕೆಲ್ಲ ಹರಡಿತು. ಅಪ್ರೆಂಟಿಸ್ ತರಬೇತಿ ಇಂಜಿನಿಯರುಗಳಿಗೆ ಮಾತ್ರ ಎಂದು ತಿಳಿಯಬೇಡಿ, ಬಿ.ಕಾಂ., ಬಿ.ಬಿ.ಎ. ಮಾಡಿದವರೂ ಸೇರಬಹುದು. ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಕೊಡಬೇಕು ಎಂದು 2019ರ ನಿಯಮದಲ್ಲೇ ಇದೆ.

ಕೊನೆಯದಾಗಿ ನನ್ನ ಮಾತು ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ವ್ಯಾಪಾರಿಗಳಿಗೆ. ಅನುಭವ ಇದೆಯೇ ಎಂದು ನೀವೆಲ್ಲ ಕೇಳುತ್ತೀರಿ. ಮೊದಲ ಅನುಭವ ಕೊಡಲು ಮಾತ್ರ ಯಾರೂ ಮುಂದೆ ಬರುವುದಿಲ್ಲ. ನಿಮ್ಮ ಮಳಿಗೆಯಲ್ಲಿ, ಗೋದಾಮಿನಲ್ಲಿ, ಷೋರೂಮಿನಲ್ಲಿ ಈ ಮಳೆಗಾಲಕ್ಕೆ ಒಬ್ಬ ಹೊಸ ಪದವೀಧರರಿಗೆ ಆರು ತಿಂಗಳ ಜಾಗ ಮಾಡಿಕೊಡಿ. ಅಪ್ರೆಂಟಿಸ್ ನಿಯಮದ ಭತ್ಯೆಗಿಂತ ಕಡಿಮೆ ಕೊಡಬೇಡಿ, ಪೆಟ್ರೋಲ್ ಖರ್ಚು ಬೇರೆಯಾಗಿ ಕೊಡಿ, ಒಂದು ಪುಟದ ನೇಮಕಪತ್ರಕ್ಕೆ ಸಹಿ ಹಾಕಿ. ಆರು ತಿಂಗಳ ಮೇಲೆ ಇಟ್ಟುಕೊಳ್ಳಲಾಗದಿದ್ದರೆ, ಮಾಡಿದ ಕೆಲಸವನ್ನು ನಿಜವಾಗಿ ಬರೆದ ಒಂದು ಪ್ರಮಾಣಪತ್ರ ಕೊಟ್ಟು ಕಳಿಸಿ. ನಿಮ್ಮ ಹತ್ತಿರದ ಕಾಲೇಜಿನ ಪ್ರಾಂಶುಪಾಲರಿಗೆ ಇಂದೇ ಒಂದು ಫೋನು ಮಾಡಿ, ಹೆಸರುಗಳನ್ನು ಕೇಳಿ.